ಗ್ಲೀಮ್ ಬಳಸುವವರು ಹೆಚ್ಚಬೇಕಾದರೆ ಮೊದಲು ಆಗಬೇಕಾದ ಕೆಲಸ

ಗ್ಲೀಮ್ ಎಂಬ ಪ್ರೋಗ್ರಾಮಿಂಗ್ ಭಾಷೆ ಮೆಚ್ಚಿಕೊಂಡಿರುವ ನಾಲ್ಕೈದು ಜನ ಇದ್ದೇವೆ, ಕನ್ನಡದವರಲ್ಲಿ ಇದನ್ನು ಹರಡುವುದು ಹೇಗೆ, ದಿನಕ್ಕೊಂದು ಪೋಸ್ಟ್ ಮತ್ತು ಒಂದು ವಿಡಿಯೊ ಚಾನೆಲ್ ಸಾಕೇ ಎಂದು ಕೇಳಿದ್ದೀರಿ. ಚಾನೆಲ್ ಆಮೇಲೆ ಮಾಡಿ. ಪೋಸ್ಟ್ ನೋಡಿ ಬಂದವರು ಮೊದಲ ಅರ್ಧ ಗಂಟೆಯಲ್ಲೇ ಸಿಕ್ಕಿಹಾಕಿಕೊಂಡರೆ ತಿರುಗಿ ಬರುವುದಿಲ್ಲ, ಇನ್ನೊಬ್ಬರಿಗೆ ಹೇಳುವುದೂ ಇಲ್ಲ. ಆ ಅರ್ಧ ಗಂಟೆಯಿಂದಲೇ ಶುರು ಮಾಡಿ.

ಪೈಥಾನ್ ಅಥವಾ ಜಾವಾಸ್ಕ್ರಿಪ್ಟ್ ಗೊತ್ತಿದ್ದು ಗ್ಲೀಮ್ ಗೊತ್ತಿಲ್ಲದ ಐದು ಜನರನ್ನು ಒಬ್ಬೊಬ್ಬರಾಗಿ ಕೂರಿಸಿ. ಲ್ಯಾಪ್‌ಟಾಪ್ ಅವರದೇ ಇರಲಿ, ಇಬ್ಬರದಾದರೂ ವಿಂಡೋಸ್ ಆಗಿರಲಿ. ಇನ್‌ಸ್ಟಾಲ್‌ನಿಂದ ಹಿಡಿದು ಒಂದು ಸಿಎಸ್‌ವಿ ಫೈಲ್ ಓದಿ ಮೊತ್ತ ತೋರಿಸುವವರೆಗೆ ಅವರೇ ಮಾಡಲಿ. ನೀವು ಬಾಯಿ ಬಿಡಬೇಡಿ. ಎಲ್ಲಿ ನಿಂತರು, ಏನು ಹುಡುಕಿದರು, ಎಷ್ಟು ನಿಮಿಷ ಹೋಯಿತು ಅಂತ ಬರೆದುಕೊಳ್ಳಿ, ಅಷ್ಟೇ.

ಎಡವುವ ಜಾಗ ಒಂದನ್ನು ಈಗಲೇ ಹೇಳುತ್ತೇನೆ. ಕಂಪೈಲರ್, ಬಿಲ್ಡ್ ಟೂಲ್, ಫಾರ್ಮ್ಯಾಟರ್, ಎಡಿಟರ್‌ಗೆ ಬೇಕಾದ ಲ್ಯಾಂಗ್ವೇಜ್ ಸರ್ವರ್ ಎಲ್ಲ ಒಂದೇ ಫೈಲಿನಲ್ಲಿ ಬರುತ್ತದೆ. ಹೊಸಬರು ಅದನ್ನು ಇಳಿಸಿಕೊಂಡು ಇನ್‌ಸ್ಟಾಲ್ ಮುಗಿಯಿತು ಅಂದುಕೊಳ್ಳುತ್ತಾರೆ. ಆದರೆ ಪ್ರೋಗ್ರಾಂ ಓಡುವುದು ಎರ್ಲಾಂಗ್ ಎಂಬ ಇನ್ನೊಂದು ಭಾಷೆಯ ವರ್ಚುವಲ್ ಮಷೀನ್ ಮೇಲೆ, ಎರ್ಲಾಂಗ್ ಅನ್ನು ಬೇರೆಯಾಗಿ ಹಾಕಿಕೊಳ್ಳಬೇಕು. ಎರ್ಲಾಂಗ್‌ನಲ್ಲಿ ಬರೆದ ಪ್ಯಾಕೇಜ್ ಸೇರಿಸಿಕೊಂಡರೆ ಎರ್ಲಾಂಗ್‌ನ ಬಿಲ್ಡ್ ಟೂಲ್ ಆದ ರೀಬಾರ್3 ಕೂಡ ಬೇಕಾಗುತ್ತದೆ. ಲಿನಕ್ಸ್‌ನಲ್ಲಿ ಇನ್ನೊಂದು ತೊಡಕು: ಉಬುಂಟು, ಡೆಬಿಯನ್‌ನಂಥ ವಿತರಣೆಯ ಜೊತೆ ಸಿಗುವ ಎರ್ಲಾಂಗ್ ಎಷ್ಟೋ ಸಲ ಹಳೆಯದಾಗಿರುತ್ತದೆ, ಕೆಲವು ಹೊಸ ಪ್ಯಾಕೇಜುಗಳು ಅದರ ಮೇಲೆ ಕಂಪೈಲ್ ಆಗುವುದಿಲ್ಲ. ನಿಮ್ಮ ಕನ್ನಡ ಪುಟದಲ್ಲಿ ಎರ್ಲಾಂಗ್ ಮೊದಲ ಹೆಜ್ಜೆಯಾಗಿರಲಿ, ಗ್ಲೀಮ್ ಎರಡನೆಯದು. ಸುಮ್ಮನೆ ರುಚಿ ನೋಡಲು ಬಂದವರನ್ನು ಅಧಿಕೃತ ತಾಣದ ಲ್ಯಾಂಗ್ವೇಜ್ ಟೂರ್‌ಗೆ ಕಳಿಸಿ. ಅದು ಬ್ರೌಸರ್‌ನಲ್ಲೇ ಓಡುತ್ತದೆ, ಏನನ್ನೂ ಹಾಕಿಕೊಳ್ಳಬೇಕಿಲ್ಲ.

ಪಾಠಗಳನ್ನು ಕನ್ನಡಕ್ಕೆ ತರುವಾಗ ಎಚ್ಚರ ಬೇಕು. ಗ್ಲೀಮ್ 1.0 ಬಂದದ್ದು 2024ರ ಮಾರ್ಚ್‌ನಲ್ಲಿ. ಅದಕ್ಕೂ ಹಿಂದಿನ ಬರಹಗಳಲ್ಲಿ ಸಿಗುವ ಟ್ರೈ ಎಂಬ ಕೀವರ್ಡ್ ಈಗ ಇಲ್ಲ, ಆ ಕೆಲಸಕ್ಕೆ ಈಗಿರುವುದು ಯೂಸ್ ಎಂಬ ಕೀವರ್ಡ್. ಇಟರೇಟರ್ ಮಾಡ್ಯೂಲ್ ಸ್ಟ್ಯಾಂಡರ್ಡ್ ಲೈಬ್ರರಿಯಿಂದ ಹೊರಬಿದ್ದು ಯೀಲ್ಡರ್ ಎಂಬ ಬೇರೆ ಪ್ಯಾಕೇಜ್ ಆಗಿದೆ. ಎಐ ಸಹಾಯಕರೂ ಈ ಹಳೆಯ ರೂಪವನ್ನೇ ಬರೆದುಕೊಡುವುದುಂಟು. ಕಾಪಿ ಮಾಡಿದ ಮೊದಲ ಉದಾಹರಣೆಯೇ ಎರರ್ ಕೊಟ್ಟರೆ ಕಲಿಯುವವರು ತಪ್ಪು ತಮ್ಮದೇ ಅಂದುಕೊಂಡು ಬಿಟ್ಟುಬಿಡುತ್ತಾರೆ. ಪ್ರತಿ ಪಾಠದ ತಲೆಯಲ್ಲಿ ಗ್ಲೀಮ್ ಆವೃತ್ತಿ ನಮೂದಿಸಿ. ಉದಾಹರಣೆಗಳನ್ನೆಲ್ಲ ಒಂದು ಪ್ರಾಜೆಕ್ಟ್‌ನಲ್ಲಿಟ್ಟು ಹೊಸ ಆವೃತ್ತಿ ಬಂದಾಗಲೆಲ್ಲ ಟೆಸ್ಟ್ ಓಡಿಸಿ. ಕೆಟ್ಟುಹೋದ ಐವತ್ತು ಪಾಠಗಳಿಗಿಂತ ಓಡುವ ಎಂಟು ಪಾಠ ಮೇಲು.

ಇನ್ನು ಮುಖ್ಯವಾದದ್ದು. ಭಾಷೆ ಚೆನ್ನಾಗಿದೆ ಎಂಬ ಕಾರಣಕ್ಕೆ ಯಾರೂ ಬರುವುದಿಲ್ಲ, ಕೈಯಲ್ಲಿರುವ ಕೆಲಸ ಅದರಲ್ಲಿ ಸಲೀಸಾಗಿ ಆಗುತ್ತದೆ ಅಂದರೆ ಬರುತ್ತಾರೆ. ಬ್ರೆಜಿಲ್‌ನಲ್ಲಿ 1993ರಲ್ಲಿ ಹುಟ್ಟಿದ ಲುವಾ ಭಾಷೆ ಹಬ್ಬಿದ್ದು ಸಿ ಪ್ರೋಗ್ರಾಂ ಒಳಗೆ ಸುಲಭವಾಗಿ ಕೂರುತ್ತಿತ್ತು ಎಂಬ ಕಾರಣಕ್ಕೆ, ಗೇಮ್ ಮಾಡುವವರಿಗೆ ಅದೇ ಬೇಕಿತ್ತು. ಎಲಿಕ್ಸಿರ್ ಭಾಷೆಗೆ ಜನ ತಂದುಕೊಟ್ಟದ್ದು ಫೀನಿಕ್ಸ್ ಎಂಬ ವೆಬ್ ಫ್ರೇಮ್‌ವರ್ಕ್. ನೀವೂ ಒಂದೇ ಕೆಲಸ ಆರಿಸಿಕೊಳ್ಳಿ. ನನ್ನ ಅಭಿಪ್ರಾಯದಲ್ಲಿ ಈ ಗುಂಪಿಗೆ ತಕ್ಕದ್ದು ಕನ್ನಡ ಪಠ್ಯ ಸಂಸ್ಕರಣೆಯ ಒಂದು ಸಣ್ಣ ಲೈಬ್ರರಿ. "ಕನ್ನಡ" ಎಂಬ ಪದವನ್ನೇ ನೋಡಿ. ಫೈಲಿನಲ್ಲಿ ಪಠ್ಯ ಉಳಿಸುವ ಯುಟಿಎಫ್-8 ರೂಪದಲ್ಲಿ ಅದು 15 ಬೈಟ್, ಯೂನಿಕೋಡ್ ಲೆಕ್ಕದಲ್ಲಿ ಕ, ನ, ವಿರಾಮ (ಒತ್ತು ಕೂಡಿಸುವ ಚಿಹ್ನೆ), ನ, ಡ ಎಂದು 5 ಕೋಡ್‌ಪಾಯಿಂಟ್ (ಚಿಹ್ನೆಯ ಸಂಖ್ಯೆ), ನಮ್ಮ ಕಣ್ಣಿಗೆ ಕ, ನ್ನ, ಡ ಎಂದು 3 ಅಕ್ಷರ. ಗ್ಲೀಮ್‌ನ ಸ್ಟ್ರಿಂಗ್ ಮಾಡ್ಯೂಲ್‌ನಲ್ಲಿರುವ ಲೆಂಗ್ತ್ ಎಣಿಸುವುದು ಗ್ರಾಫೀಮ್‌ಗಳನ್ನು, ಅಂದರೆ ಒಂದು ಅಕ್ಷರವೆಂದು ಲೆಕ್ಕಕ್ಕೆ ಬರುವ ತುಣುಕುಗಳನ್ನು. ಒತ್ತಕ್ಷರವನ್ನು ಎಲ್ಲಿ ಒಡೆಯಬೇಕೆಂಬುದು ಎರ್ಲಾಂಗ್ ಅಥವಾ ಜಾವಾಸ್ಕ್ರಿಪ್ಟ್ ಪಾಲಿಸುವ ಯೂನಿಕೋಡ್ ನಿಯಮಕ್ಕೆ ಸೇರಿದ್ದು, ಹಾಗಾಗಿ ಅದು 3 ಎಂದೇ ಹೇಳುತ್ತದೆಂದು ನಂಬಿ ಕೂರುವಂತಿಲ್ಲ. ಗ್ಲೀಮ್ ಜಾವಾಸ್ಕ್ರಿಪ್ಟ್‌ಗೂ ಕಂಪೈಲ್ ಆಗುವುದರಿಂದ ಎರಡೂ ಕಡೆ ಟೆಸ್ಟ್ ಬರೆಯಿರಿ. ವೇರಿಯಬಲ್ ಹೆಸರು ಕನ್ನಡದಲ್ಲಿ ಇಡಲು ಬರುವುದಿಲ್ಲ, ಸ್ಟ್ರಿಂಗ್ ಮತ್ತು ಕಾಮೆಂಟ್‌ಗೆ ಅಡ್ಡಿಯಿಲ್ಲ.

ಲೈಬ್ರರಿ ಸಿದ್ಧವಾದ ಮೇಲೆ ಪ್ಯಾಕೇಜ್ ಆಗಿ ಹೋಗುವುದು ಹೆಕ್ಸ್‌ಗೆ, ಅದು ಎರ್ಲಾಂಗ್ ಬಳಗದ ಭಾಷೆಗಳ ಪ್ಯಾಕೇಜ್ ಭಂಡಾರ. ಕಾನ್ಫಿಗ್ ಫೈಲಿನಲ್ಲಿ ವಿವರಣೆ ಮತ್ತು ಲೈಸೆನ್ಸ್ ತುಂಬಿರಬೇಕು. ಎರ್ಲಾಂಗ್‌ನಲ್ಲಿ ಎಲ್ಲ ಪ್ಯಾಕೇಜುಗಳ ಮಾಡ್ಯೂಲ್ ಹೆಸರುಗಳೂ ಒಂದೇ ಕಣಜದಲ್ಲಿರುತ್ತವೆ. ನಿಮ್ಮದೂ ಯುಟಿಲ್ಸ್, ಇನ್ನೊಬ್ಬರದೂ ಯುಟಿಲ್ಸ್ ಆದರೆ ಎರಡನ್ನೂ ಬಳಸುವವರ ಪ್ರಾಜೆಕ್ಟ್ ಕೆಡುತ್ತದೆ. ಪ್ಯಾಕೇಜ್ ಹೆಸರಿನದೇ ಫೋಲ್ಡರ್ ಮಾಡಿ ಮಾಡ್ಯೂಲ್‌ಗಳನ್ನು ಅದರೊಳಗಿಡಿ. ಹೊಸ ಪ್ಯಾಕೇಜನ್ನು ಹಿಂದಕ್ಕೆ ಪಡೆಯಲು 24 ಗಂಟೆ ಅವಕಾಶ, ಆಮೇಲಿನ ಆವೃತ್ತಿಗಳಿಗೆ 60 ನಿಮಿಷ ಮಾತ್ರ.

ಒಬ್ಬೊಬ್ಬರು ಒಂದೊಂದು ಲೈಬ್ರರಿ ಶುರು ಮಾಡಬೇಡಿ. ಡಿ ಭಾಷೆಯಲ್ಲಿ ಫೋಬೋಸ್ ಮತ್ತು ಟ್ಯಾಂಗೋ ಎಂದು ಎರಡು ಮೂಲ ಲೈಬ್ರರಿಗಳಾಗಿ, ಒಂದಕ್ಕೆ ಬರೆದ ಕೋಡ್ ಇನ್ನೊಂದರ ಜೊತೆ ಹೊಂದದೆ, ಮೊದಲೇ ಸಣ್ಣದಾಗಿದ್ದ ಸಮುದಾಯ ಎರಡು ಹೋಳಾಯಿತು. ಆ ನೋವು ನಮಗೆ ಬೇಡ. ಇರುವ ಪ್ಯಾಕೇಜ್ ಹುಡುಕಿ, ಅದಕ್ಕೇ ಕೈ ಜೋಡಿಸಿ.

ಕಲಿಯುವವರಿಗೆ ಎಕ್ಸರ್ಸಿಸಂ ಎಂಬ ಅಭ್ಯಾಸದ ತಾಣದಲ್ಲಿ ಗ್ಲೀಮ್ ಟ್ರ್ಯಾಕ್ ಉಚಿತವಾಗಿದೆ. ಡಿಸೆಂಬರ್ 1ಕ್ಕೆ ಶುರುವಾಗುವ ಅಡ್ವೆಂಟ್ ಆಫ್ ಕೋಡ್ ಎಂಬ ಪ್ರೋಗ್ರಾಮಿಂಗ್ ಒಗಟುಗಳನ್ನು ಒಟ್ಟಿಗೆ ಬಿಡಿಸಬಹುದು. ಪ್ರಶ್ನೆ ಬಂದರೆ ಅದೇ ದಿನ ಉತ್ತರ ಹೋಗಲಿ, ಸರದಿ ಹಾಕಿಕೊಳ್ಳಿ. "ಡಾಕ್ಯುಮೆಂಟ್ ಓದಿ" ಎಂಬ ಒಂದು ಸಾಲಿನ ಉತ್ತರ ಬೇಡವೇ ಬೇಡ. ಬೇರೆ ಭಾಷೆಗಳನ್ನು ಹಳಿಯುವುದೂ ಬೇಡ, ಬರುವವರೆಲ್ಲ ಅಲ್ಲಿಂದಲೇ ಬರುವವರು.

ಲೈಕ್, ಸ್ಟಾರ್ ಎಣಿಸಬೇಡಿ. ತಿಂಗಳ ಹಿಂದೆ ಬಂದವರಲ್ಲಿ ಎಷ್ಟು ಜನ ಎರಡನೇ ಪ್ರಾಜೆಕ್ಟ್ ತೆರೆದರು, ನಿಮ್ಮ ಗುಂಪಿನವರನ್ನು ಬಿಟ್ಟು ಬೇರೆ ಯಾರು ಉತ್ತರ ಕೊಡುತ್ತಿದ್ದಾರೆ, ಈ ಎರಡನ್ನು ಬರೆದಿಡಿ. ಮೊದಲ ಐದು ಜನರ ಟಿಪ್ಪಣಿಯನ್ನು, ಹೆಸರು ತೆಗೆದು, ಇಲ್ಲೇ ಹಾಕಿ. ಇನ್‌ಸ್ಟಾಲ್ ಪುಟದ ಕರಡನ್ನು ಅದರ ಪಕ್ಕದಲ್ಲಿಟ್ಟುಕೊಂಡು ಸಾಲು ಸಾಲಾಗಿ ತಿದ್ದೋಣ.