ಮಾಡ್ಯುಲರ್ ಮನೆ ಕಟ್ಟಿದರೆ ಸಾಲದಾ?

ನಮಸ್ಕಾರ. ಐರ್ಲೆಂಡ್‌ನ ರಾಜಧಾನಿ ಡಬ್ಲಿನ್‌ನಲ್ಲಿ ಮನೆಯಿಲ್ಲದ ಕುಟುಂಬಗಳಿಗೆ ಮಾಡ್ಯುಲರ್ ಮನೆ, ಅಂದರೆ ಫ್ಯಾಕ್ಟರಿಯಲ್ಲಿ ಭಾಗಗಳನ್ನು ಮಾಡಿ ತಂದು ಜೋಡಿಸುವ ಮನೆ, ಬೇಗ ಕಟ್ಟಿಕೊಟ್ಟರೆ ಸಾಲದಾ, ಪ್ರವಾಸಿಗರಿಗೆ ಮನೆಗಳನ್ನು ಕೆಲವು ದಿನಗಳ ಬಾಡಿಗೆಗೆ ಕೊಡಿಸುವ ಏರ್‌ಬಿಎನ್‌ಬಿ ಜಾಲತಾಣಕ್ಕೆ ಯಾಕೆ ಕಡಿವಾಣ ಎಂದು ಕೇಳಿದ್ದೀರಿ. ನನ್ನ ಪ್ರಕಾರ ಎರಡೂ ಬೇಕು.

ಮಾಡ್ಯುಲರ್ ಅಂದರೆ ರಾತ್ರೋರಾತ್ರಿ ಮನೆ ಅಂತಲ್ಲ. ಗೋಡೆ ಫ್ಯಾಕ್ಟರಿಯಲ್ಲಿ ಬೇಗ ತಯಾರಾಗುತ್ತದೆ, ನಿಜ. ಆದರೆ ಜಾಗ, ಪಾಯ, ಚರಂಡಿ, ಕರೆಂಟು ಸ್ಥಳದಲ್ಲೇ ಆಗಬೇಕು. ಡಬ್ಲಿನ್‌ನ ಬಾಲಿಮನ್ ಬಡಾವಣೆಯ ಪಾಪಿನ್‌ಟ್ರೀಯಲ್ಲಿ ಇಂಥ 22 ಮನೆಗಳನ್ನು 2015ರ ಕ್ರಿಸ್‌ಮಸ್‌ಗೆ ಮುಂಚೆ ಕೊಡುತ್ತೇವೆ ಅಂದಿದ್ದರು. ಕುಟುಂಬಗಳು ಒಳಗೆ ಹೋಗಿದ್ದು 2016ರಲ್ಲಿ.

ಅಲ್ಲಿಯವರೆಗೆ ಮನೆಯಿಲ್ಲದ ಕುಟುಂಬಕ್ಕೆ? ಹೋಟೆಲ್ಲಿನ ಒಂದೇ ರೂಮು. ಒಲೆ ಇಲ್ಲ. ಮಗು ಮಂಚದ ಮೇಲೆ ಕೂತು ಹೋಮ್‌ವರ್ಕ್ ಬರೆಯುತ್ತದೆ, ಅದೇ ಮಂಚದ ಮೇಲೆ ಊಟ, ನಿದ್ದೆ. ಇದನ್ನು ನೆನೆದರೇ ಸಂಕಟವಾಗುತ್ತದೆ.

ಪ್ರವಾಸಿಗರಿಗೆ ಬಿಟ್ಟ ಮನೆಗಳಾದರೋ ಈಗಾಗಲೇ ಕಟ್ಟಿ ನಿಂತಿವೆ, ಅಡುಗೆಮನೆ ಸಮೇತ. 2019ರ ಜುಲೈನಲ್ಲಿ ಬಂದ ನಿಯಮ ಅದಕ್ಕೇ. ಬಾಡಿಗೆ ಜಾಸ್ತಿ ಏರುತ್ತಿದ್ದ ಪ್ರದೇಶಗಳಲ್ಲಿ, ನೀವೇ ವಾಸವಿರುವ ಮನೆಯನ್ನು ಪೂರ್ತಿಯಾಗಿ ವರ್ಷಕ್ಕೆ 90 ದಿನ ಮಾತ್ರ ಹೀಗೆ ಪ್ರವಾಸಿಗರಿಗೆ ಬಿಡಬಹುದಿತ್ತು. ಎರಡನೇ ಮನೆಯನ್ನು ಹಾಗೆ ಬಿಡಲು ಸ್ಥಳೀಯ ಆಡಳಿತದ ಪ್ಲಾನಿಂಗ್ ಅನುಮತಿ ಬೇಕಿತ್ತು. ಆದರೆ ನಿಯಮ ಬರೆದರೆ ಸಾಲದು, ಜಾಹೀರಾತು ಹುಡುಕಿ ಪರಿಶೀಲಿಸಲು ಸಿಬ್ಬಂದಿಯೂ ಬೇಕಲ್ವಾ?