ಮೈ ಉರಿ, ಅಂತ್ರ, ಮಂಗಳವಾರದ ಚೀಟಿ: ಒಂದು ಆಪ್ತಸಲಹೆ ಪ್ರಕರಣ

(ಹೆಸರು, ಊರು, ಮನೆಯ ವಿವರ ಬದಲಿಸಿದೆ. ಖಿನ್ನತೆ ಮೈ ಉರಿಯಾಗಿ ಕಾಣಿಸಿಕೊಂಡ ಕೆಲವು ಪ್ರಕರಣಗಳನ್ನು ಬೆಸೆದು ಬರೆದದ್ದು.)

ಗಿರಿಜಮ್ಮ, 43 ವರ್ಷ. ಅಡಿಕೆ, ರಾಗಿ ಎರಡೂ ಬೆಳೆಯುವ ಬಯಲುಸೀಮೆಯ ಹಳ್ಳಿ. ಮನೆಯಲ್ಲಿ ಗಂಡ, ಅತ್ತೆ, ಮದುವೆಗೆ ಬಂದ ಮಗಳು. ಮಗ ಬೆಂಗಳೂರಿನಲ್ಲಿ ಕೆಲಸಕ್ಕಿದ್ದಾನೆ. ಆಶಾ ಕಾರ್ಯಕರ್ತೆಯ ಜೊತೆ ಬಂದಾಗ ಆಕೆ ಹೇಳಿಕೊಂಡದ್ದು ಇಷ್ಟು: "ಮೈಯೆಲ್ಲಾ ಧಗಧಗ ಉರೀತದೆ ಮೇಡಂ. ಎದೆ ಡವಡವ ಅಂತದೆ. ಕೈಕಾಲು ಸೋಲ್ತವೆ. ತಲೇಲಿ ಏನೋ ಹರಿದಾಡ್ದಂಗಾಗ್ತದೆ." ಬೇಜಾರು, ದುಃಖ ಎನ್ನುವ ಮಾತು ಒಂದು ಸಲವೂ ಬಾಯಿಗೆ ಬರಲಿಲ್ಲ. ಹೀಗೆ ಶುರುವಾಗಿ 14 ತಿಂಗಳು.

ತಂದಿದ್ದ ಪ್ಲಾಸ್ಟಿಕ್ ಚೀಲ ಬಿಚ್ಚಿದರೆ ಮೂರು ಇಸಿಜಿ, ಹೊಟ್ಟೆಯ ಸ್ಕ್ಯಾನ್ ಎರಡು, ತಲೆಯ ಸ್ಕ್ಯಾನ್ ಒಂದು. ಎಲ್ಲವೂ ನಾರ್ಮಲ್. ಊರ ಪಕ್ಕದ ಕ್ಲಿನಿಕ್‌ನಲ್ಲಿ ತಿಂಗಳಿಗೆರಡು ಸಲ 'ಬಾಟ್ಲಿ' (ಡ್ರಿಪ್) ಹಾಕಿಸಿಕೊಂಡಿದ್ದರು; ಹಾಕಿಸಿದ ಮೇಲೆ ಎರಡು ದಿನ ಹಗುರ, ಮೂರನೇ ದಿನ ಮತ್ತೆ ಅದೇ ಉರಿ. ಮೆಡಿಕಲ್ ಶಾಪಿನವರು ಚೀಟಿಯಿಲ್ಲದೆ ಕೊಟ್ಟ, ಆತಂಕ ತಗ್ಗಿಸಿ ನಿದ್ದೆ ಬರಿಸುವ ಆಲ್ಪ್ರಜೋಲಾಮ್ ಮಾತ್ರೆ ಏಳು ತಿಂಗಳಿಂದ ನಡೆದಿತ್ತು. ಇದರ ಜೊತೆಗೆ ಅತ್ತೆ ಎಲೆ ಶಾಸ್ತ್ರ ಕೇಳಿಸಿ, 'ಗಾಳಿ ಸೋಕು' ಎಂದು ತಿಳಿದು, ಅಂತ್ರ (ತಾಯಿತ) ಕಟ್ಟಿಸಿ, ಅಮಾವಾಸ್ಯೆಗೆ ತಡೆ ಒಡೆಸಿ ಬಂದಿದ್ದರು.

ಈ ಎರಡು ದಾರಿಗಳಲ್ಲಿ ಆಕೆಗೆ ಹೆಚ್ಚು ಗೌರವ ಸಿಕ್ಕಿದ್ದು ಎರಡನೆಯದರಲ್ಲಿ ಎಂಬುದನ್ನು ಸಲಹೆ ಕೊಡುವವರು ಮೊದಲು ಒಪ್ಪಿಕೊಳ್ಳಬೇಕು. ಸ್ಕ್ಯಾನ್ ನೋಡಿದವರು "ನಿಮಗೇನೂ ಇಲ್ಲ, ಟೆನ್ಷನ್ ಮಾಡ್ಕೋಬೇಡಿ" ಅಂದರು. ಶಾಸ್ತ್ರದವರು "ನಿನಗೆ ಏನೋ ಆಗಿದೆ" ಅಂದರು. ಉರಿಯುವ ಮೈಗೆ ಎರಡನೆಯ ಮಾತೇ ನಿಜ. "ಏನೂ ಇಲ್ಲ" ಎಂಬುದು ಮನೆಯವರ ಕಿವಿಗೆ ಬೀಳುವಾಗ "ನಾಟಕ ಆಡ್ತಿದಾಳೆ" ಎಂದಾಗಿರುತ್ತದೆ. ಗಂಡ ಅದನ್ನು ಎದುರಿಗೇ ಹೇಳಿಯೂ ಇದ್ದರು.

ಮೊದಲ ಭೇಟಿಯಲ್ಲಿ 'ಮಾನಸಿಕ' ಎಂಬ ಪದ ಬಳಸಲಿಲ್ಲ. ಬಳಸಿದ್ದರೆ "ನಂಗೇನು ತಲೆ ಕೆಟ್ಟಿಲ್ಲ" ಎಂದು ಎದ್ದು ಹೋಗುತ್ತಿದ್ದರು, ಮತ್ತೆ ಬರುತ್ತಿರಲಿಲ್ಲ. ಮಾತು ಶುರುವಾದದ್ದು ನಿದ್ದೆಯಿಂದ. ರಾತ್ರಿ ಎಷ್ಟಕ್ಕೆ ಮಲಗುತ್ತೀರಿ, ಎಷ್ಟಕ್ಕೆ ಎಚ್ಚರ? ಒಂಬತ್ತೂವರೆಗೆ ಮಲಗಿ ಮೂರಕ್ಕೆ ಎಚ್ಚರವಾದರೆ ಮತ್ತೆ ನಿದ್ದೆಯಿಲ್ಲ. ಬೆಳಿಗ್ಗೆ ಉರಿ ಹೆಚ್ಚು, ಸಂಜೆಗೆ ಕೊಂಚ ಕಡಿಮೆ. ಈ ಏರಿಳಿತವೇ ಖಿನ್ನತೆಯ ದೊಡ್ಡ ಸುಳಿವು. ಆಮೇಲೆ ಊಟ, ಸುಸ್ತು, ಕೊನೆಗೆ ಆಸಕ್ತಿ: "ಮೊದಲು ಖುಷಿ ಕೊಡ್ತಿದ್ದ ಕೆಲಸ ಯಾವುದು? ಈಗ?" ಆಕೆ ರಂಗೋಲಿ ಅಂದರು. ಬಿಟ್ಟು ವರ್ಷವಾಯಿತಂತೆ. ಖಿನ್ನತೆ ಅಳೆಯುವ ಪಿಎಚ್‌ಕ್ಯೂ-9ರ ಒಂಬತ್ತು ಪ್ರಶ್ನೆಗಳನ್ನು ಹೀಗೆ ಮಾತಿನಲ್ಲೇ ಕೇಳಿ ಅಂಕ ಹಾಕಿದಾಗ 27ಕ್ಕೆ 17 ಬಂತು. 10 ಮುಟ್ಟಿದರೆ ವೈದ್ಯರಿಗೆ ತೋರಿಸಬೇಕು; 15ರಿಂದ 19 ಎಂದರೆ ಖಿನ್ನತೆ ಸಾಕಷ್ಟು ತೀವ್ರವಾಗಿದೆ ಎಂದರ್ಥ.

ಒಂಬತ್ತನೇ ಪ್ರಶ್ನೆ ಸಾವಿನದು. ಕೇಳಿದರೆ ಇಲ್ಲದ ಯೋಚನೆ ಹುಟ್ಟೀತು ಎಂದು ಹಲವರು ಇದನ್ನು ಹಾರಿಸುತ್ತಾರೆ. ಹಾಗೆ ಹುಟ್ಟುವುದಿಲ್ಲ, ಒಳಗೇ ಇದ್ದದ್ದನ್ನು ಹೇಳಿಕೊಳ್ಳಲು ಜಾಗ ಸಿಗುತ್ತದೆ. ಗಂಡ, ಅತ್ತೆ ಇಬ್ಬರನ್ನೂ ಹೊರಗೆ ಕೂರಿಸಿ ಕೇಳಿದ್ದು: "ಇಷ್ಟು ದಿನ ನರಳಿದವರಿಗೆ ಕೆಲವು ಸಲ ಬದುಕೇ ಬೇಡ ಅನ್ನಿಸುತ್ತೆ. ನಿಮಗೂ ಅನ್ನಿಸಿದ್ದುಂಟಾ?" "ಮಲಗ್ದೋಳು ಮಲಗ್ದಂಗೇ ಹೋಗ್ಬಿಟ್ರೆ ಸಾಕು ಅನ್ನಿಸ್ತದೆ" ಅಂದರು. ತಾವಾಗಿ ಏನಾದರೂ ಮಾಡಿಕೊಳ್ಳುವ ಯೋಚನೆ, ಸಿದ್ಧತೆ ಇರಲಿಲ್ಲ. ಆದರೂ ಗಂಡನಿಗೆ ಅಂದೇ ಮೂರು ಕೆಲಸ ಹೇಳಲಾಯಿತು. ತೋಟದ ಔಷಧಿಗಳನ್ನು ಮನೆಯಿಂದ ತೆಗೆದು ಪಂಪ್‌ಹೌಸಿನಲ್ಲಿಟ್ಟು ಬೀಗ ಹಾಕಿ ಬೀಗದ ಕೈ ತಮ್ಮಲ್ಲೇ ಇಟ್ಟುಕೊಳ್ಳುವುದು. ಎಲ್ಲ ಮಾತ್ರೆ ತಮ್ಮ ಬಳಿ ಇಟ್ಟು ದಿನದ್ದು ದಿನಕ್ಕೆ ಕೊಡುವುದು. ರಾತ್ರಿ ಮಗಳು ಜೊತೆಗೆ ಮಲಗುವುದು. ಮಾತಿನ ಧಾಟಿ ಬದಲಾದರೆ ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗೆ ಬರುವ ಮಂಗಳವಾರಕ್ಕೆ ಕಾಯದೆ ಅಂದೇ ಆಸ್ಪತ್ರೆಗೆ. ಹೊತ್ತಲ್ಲದ ಹೊತ್ತಿನಲ್ಲಿ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ ಸಂಖ್ಯೆ 14416ಕ್ಕೆ ಕರೆ. ಅದು ಉಚಿತ, ಹಗಲೂ ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು.

ಇನ್ನೆರಡು ವಿಷಯ ಕೇಳದೆ ಮುಂದೆ ಹೋಗಬಾರದು. ಹಿಂದೆಂದಾದರೂ ದಿನಗಟ್ಟಲೆ ನಿದ್ದೆಯೇ ಬೇಡವೆನಿಸಿ, ವಿಪರೀತ ಹುರುಪು, ಮಿತಿಮೀರಿದ ಮಾತು, ಖರ್ಚು ಆಗಿತ್ತೇ? ಆಗಿದ್ದರೆ ಅದು ಬರೀ ಖಿನ್ನತೆಯಲ್ಲ. ಖಿನ್ನತೆಯ ಮಾತ್ರೆಯೊಂದನ್ನೇ ಕೊಟ್ಟರೆ ಆ ಹುರುಪು ಮತ್ತೆ ಕೆರಳಬಹುದು. ಯಾರೂ ಇಲ್ಲದಾಗ ದನಿ ಕೇಳುತ್ತದೆಯೇ? ಇಲ್ಲಿ ಎರಡೂ ಇರಲಿಲ್ಲ.

'ಮನಸ್ಸಿನದು' ಎಂದು ತೀರ್ಮಾನಿಸುವ ಮೊದಲು ರಕ್ತ ಪರೀಕ್ಷೆ ಆಗಲೇಬೇಕಿತ್ತು. ಅಷ್ಟು ಸ್ಕ್ಯಾನ್ ಮಾಡಿಸಿದವರು ಇದನ್ನು ಮಾಡಿಸಿರಲಿಲ್ಲ! ಸಕ್ಕರೆ ಕಾಯಿಲೆಯಲ್ಲೂ ವಿಟಮಿನ್ ಬಿ12 ಕೊರತೆಯಲ್ಲೂ ಅಂಗಾಲು ಉರಿಯುತ್ತದೆ. ಥೈರಾಯ್ಡ್ ಕಡಿಮೆಯಾದರೆ ಸುಸ್ತು, ಮಂಕು. ಈ ವಯಸ್ಸಿನಲ್ಲಿ ಮುಟ್ಟು ಏರುಪೇರಾಗುವಾಗ ಮೈ ಬಿಸಿಯೇರುವುದುಂಟು. ಸಕ್ಕರೆ, ಥೈರಾಯ್ಡ್, ಬಿ12 ಸರಿಯಿದ್ದವು. ಹಿಮೋಗ್ಲೋಬಿನ್ 9.4 ಇತ್ತು. ಇದರಿಂದ ಒಂದು ಅನುಕೂಲವಾಯಿತು: "ನಿಮ್ಮ ಸುಸ್ತಿಗೆ ರಕ್ತ ಕಡಿಮೆಯಿರುವುದೂ ಒಂದು ಕಾರಣ, ಅದಕ್ಕೆ ಕಬ್ಬಿಣಾಂಶದ ಮಾತ್ರೆ" ಎಂದು ಸುಳ್ಳಿಲ್ಲದೆ ಹೇಳಬಹುದಾಯಿತು.

ಉಳಿದ ಉರಿಯನ್ನು ವಿವರಿಸಲು ಆಕೆಯ ಅನುಭವವನ್ನೇ ಬಳಸಲಾಯಿತು. ಮಗ ಬೈಕಿನಿಂದ ಬಿದ್ದನೆಂದು ಹಿಂದೊಮ್ಮೆ ಫೋನ್ ಬಂದಿತ್ತು. "ಆವಾಗ ಕಾಲು ಏನಾಯ್ತು?" "ನಿಂತ್ಕೊಳ್ಳಾಕೇ ಆಗ್ಲಿಲ್ಲ, ಎದೆ ಬಾಯಿಗೆ ಬಂತು." "ಕಾಲಿಗೆ ಪೆಟ್ಟಾಗಿತ್ತಾ?" ಸ್ವಲ್ಪ ಹೊತ್ತು ಸುಮ್ಮನಿದ್ದು ನಕ್ಕರು. ಗಾಬರಿಯಾದಾಗ ದೇಹ ಓಡಲು ಸಜ್ಜಾಗುತ್ತದೆ: ಎದೆ ಜೋರಾಗಿ ಬಡಿಯುತ್ತದೆ, ಸ್ನಾಯು ಬಿಗಿಯುತ್ತವೆ, ಬೆವರು ಬರುತ್ತದೆ. ಒಂದು ಗಳಿಗೆಯಾದರೆ ಇಳಿದುಹೋಗುತ್ತದೆ. ತಿಂಗಳುಗಟ್ಟಲೆ ಇಳಿಯದಿದ್ದರೆ ನಿದ್ದೆ ಕೆಡುತ್ತದೆ, ಬಿಗಿದ ಮೈ ನೋಯುತ್ತದೆ, ಉರಿಯುತ್ತದೆ. ಉರಿ ನಿಜ, ಸ್ಕ್ಯಾನಿಗೆ ಕಾಣುವ ಜಾಗದಲ್ಲಿ ಅದರ ಮೂಲವಿಲ್ಲ. 'ಖಿನ್ನತೆ' ಎಂಬ ಪದವನ್ನು ಎರಡನೇ ಭೇಟಿಯಲ್ಲಿ, ಆಕೆಯೇ "ಹಂಗಾದ್ರೆ ಇದಕ್ಕೇನಂತಾರೆ" ಎಂದು ಕೇಳಿದ ಮೇಲೆ ಹೇಳಿದ್ದು.

ಗಂಡನ ತಕರಾರು ಬೇರೆ. "ಇದು ಬೆಂಗ್ಳೂರಿನ ನಿಮ್ಹಾನ್ಸ್‌ಗೇ ಹೋಗೋ ಕೇಸಲ್ವಾ?" ಅಲ್ಲ. 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ನಿಮ್ಹಾನ್ಸ್ ನಡೆಸಿದ ಪ್ರಯೋಗ ತೋರಿಸಿದ್ದೇ ಇದನ್ನು: ಇಂಥ ಬಹುಪಾಲು ಕಾಯಿಲೆಗಳನ್ನು ತರಬೇತಿ ಪಡೆದ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರೇ ನೋಡಿಕೊಳ್ಳಬಲ್ಲರು. 1996ರಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿ. ನಮ್ಮಲ್ಲಿ 2014ರಿಂದ ಮನೋಚೈತನ್ಯ ಯೋಜನೆಯಡಿ ಮಂಗಳವಾರ ತಾಲ್ಲೂಕು ಆಸ್ಪತ್ರೆಗೇ ಮನೋವೈದ್ಯರು ಬರುತ್ತಾರೆ. ತಿಂಗಳ ಯಾವ ಮಂಗಳವಾರ ಎಂದು ಆಶಾ ಮೂಲಕ ಮೊದಲೇ ಕೇಳಿಕೊಂಡು ಹೋಗಬೇಕು, ಇಲ್ಲವಾದರೆ ಒಂದು ದಿನದ ಕೂಲಿ ದಂಡ. ಹಳೆಯ ಚೀಟಿಗಳ ಜೊತೆ ನುಂಗುತ್ತಿರುವ ಮಾತ್ರೆಗಳ ಖಾಲಿ ಶೀಟನ್ನೂ ಒಯ್ಯಬೇಕು. ಆಲ್ಪ್ರಜೋಲಾಮ್ ವಿಷಯ ಬಾಯಿಮಾತಿನಲ್ಲಿ ಯಾರೂ ಹೇಳುವುದಿಲ್ಲ.

ಆದರೆ ಅದೇ ಮಂಗಳವಾರವೇ ತೊಡಕು. ಆ ಸಾಲಿನಲ್ಲಿ ಯಾರು ಕೂತಿದ್ದರೆಂದು ಬಸ್ಸು ಊರು ಮುಟ್ಟುವ ಮೊದಲೇ ಗೊತ್ತಾಗುತ್ತದೆ. "ಮಗಳಿಗೆ ಗಂಡು ನೋಡ್ತಿದೀವಿ ಮೇಡಂ" ಎಂಬ ಒಂದೇ ಮಾತಿನಲ್ಲಿ ಗಂಡ ತಮ್ಮ ಅಷ್ಟೂ ಭಯ ಹೇಳಿದರು. ಭಯ ಸುಳ್ಳಲ್ಲ, ಹಾಗಾಗಿ ಅದನ್ನು ತಳ್ಳಿಹಾಕದೆ ದಾರಿ ಹುಡುಕಬೇಕು. ರಕ್ತ ಪರೀಕ್ಷೆಯನ್ನೂ ಅದೇ ದಿನಕ್ಕೆ ಇಟ್ಟುಕೊಳ್ಳುವುದು. ಕೇಳಿದವರಿಗೆ "ರಕ್ತ ಕಮ್ಮಿ, ನಿದ್ದೆ ಇಲ್ಲ, ತೋರಿಸ್ತಿದೀವಿ" ಎನ್ನುವುದು. ಇದರಲ್ಲಿ ಸುಳ್ಳಿಲ್ಲ. ಉಳಿದದ್ದನ್ನು ಯಾರಿಗೆ ಹೇಳಬೇಕೆಂಬುದು ಗಿರಿಜಮ್ಮನ ಇಷ್ಟ; 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಪ್ರಕಾರ ಆಸ್ಪತ್ರೆಯವರು ಈ ಮಾಹಿತಿಯನ್ನು ಗುಟ್ಟಾಗಿಡಬೇಕು. ಮಗಳಿಗೂ ಬರುತ್ತದೆಯೇ ಎಂಬ ಪ್ರಶ್ನೆಗೆ ಸಿಕ್ಕ ಉತ್ತರ: ಸಾಧ್ಯತೆ ಸ್ವಲ್ಪ ಹೆಚ್ಚು, ಆದರೆ ಬಂದೇ ಬರುತ್ತದೆಂದಿಲ್ಲ. 2015–16ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಸುಮಾರು 20 ವಯಸ್ಕರಲ್ಲಿ ಒಬ್ಬರಿಗೆ ಜೀವನದಲ್ಲಿ ಒಮ್ಮೆಯಾದರೂ ಖಿನ್ನತೆ ಬಂದಿರುತ್ತದೆ. ಆಕೆಯ ಸ್ತ್ರೀಶಕ್ತಿ ಸಂಘದಲ್ಲಿ ಇರುವವರು ಇಪ್ಪತ್ತು ಜನ.

ಇನ್ನು ಅತ್ತೆ. ಅವರನ್ನು ಎದುರು ಹಾಕಿಕೊಂಡಿದ್ದರೆ ಚಿಕಿತ್ಸೆ ಒಂದು ವಾರವೂ ನಡೆಯುತ್ತಿರಲಿಲ್ಲ. ಮಾತ್ರೆ ತಗೋಬೇಕೋ ಬೇಡವೋ ಎಂದು ದೇವರ ಹತ್ತಿರ ಹೂವಿನ ಅಪ್ಪಣೆ ಕೇಳಬೇಕೆಂದು ಪಟ್ಟು ಹಿಡಿದರು. ಬಲಗಡೆ ಹೂ ಬಿದ್ದರೆ ಸರಿ, ಎಡಗಡೆ ಬಿದ್ದರೆ ಮುಗಿಯಿತು. "ಹೋದ ವರ್ಷ ನಿಮ್ಮ ಕಣ್ಣಿನ ಪೊರೆ ತೆಗೆಸಿದಾಗ ತೆಗೆಸಬೇಕೋ ಬೇಡವೋ ಅಂತ ಕೇಳಿದ್ರಾ ಅಜ್ಜಿ?" "ಇಲ್ಲಪ್ಪ, ಒಳ್ಳೇದು ಮಾಡು ಅಂತ ಹರಸ್ಕೊಂಡು ಹೋದೆ." "ಇದಕ್ಕೂ ಹಂಗೇ ಮಾಡಿ." ಒಪ್ಪಿದರು. ಅಂತ್ರ ತೋಳಲ್ಲೇ ಉಳಿಯಿತು, ಯಾರೂ ಬಿಚ್ಚಿಸಲಿಲ್ಲ. ದೇವಸ್ಥಾನಕ್ಕೆ ಹೋಗುವುದನ್ನೂ ತಡೆಯಲಿಲ್ಲ. ತಿಂಗಳುಗಳ ಬಳಿಕ ಆಕೆ ಸೀರೆ ಬದಲಿಸಿ ಮನೆಯಿಂದ ಹೊರಬಿದ್ದದ್ದು ಅದಕ್ಕೇ. ಗೆರೆ ಎಳೆದದ್ದು ಕೆಲವಕ್ಕೆ ಮಾತ್ರ: ಹರಕೆಯ ನೆಪದಲ್ಲಿ ಮಾತ್ರೆ ನಿಲ್ಲಿಸಬಾರದು, ಮಾತ್ರೆಯ ಹೊತ್ತಿಗೆ ಹೊಟ್ಟೆ ಖಾಲಿ ಇರಬಾರದು, ಪೂಜೆಗೆಂದು ಹೊಸ ಸಾಲ ಬೇಡ. ಗಾಳಿ ಬಿಡಿಸುವ ಹೆಸರಲ್ಲಿ ಹೊಡೆಯುವುದು, ಕಟ್ಟಿಹಾಕುವುದು, ಮೆಣಸಿನಕಾಯಿ ಹೊಗೆ ಹಾಕುವುದು ಕೂಡದು. 2020ರ ಜನವರಿಯಿಂದ ರಾಜ್ಯದಲ್ಲಿ ಜಾರಿಯಲ್ಲಿರುವ ಮೌಢ್ಯ ಪ್ರತಿಬಂಧಕ ಕಾಯ್ದೆಯಡಿ ಇಂಥ ಹಿಂಸೆ ಅಪರಾಧ.

ವೈದ್ಯರು ಖಿನ್ನತೆಗೆ ಎಸ್ಸಿಟಾಲೊಪ್ರಾಮ್ ಎಂಬ ಮಾತ್ರೆ ಬರೆದರು. ಆಲ್ಪ್ರಜೋಲಾಮನ್ನು ಒಮ್ಮೆಗೇ ನಿಲ್ಲಿಸದೆ ವಾರಗಳ ಮೇಲೆ ಇಳಿಸುವ ಲೆಕ್ಕ ಕೊಟ್ಟರು. ಊರಲ್ಲಿ ಎರಡಕ್ಕೂ 'ನಿದ್ದೆ ಮಾತ್ರೆ' ಎಂದೇ ಹೆಸರು, ಗೊಂದಲದ ಬೇರು ಅಲ್ಲಿದೆ. ಅಭ್ಯಾಸವಾಗಿ ಬಿಡಲಾಗದಂತೆ ಹಿಡಿಯುವುದು ಯಾರನ್ನೂ ಕೇಳದೆ ಏಳು ತಿಂಗಳು ನುಂಗಿದ ಆಲ್ಪ್ರಜೋಲಾಮ್. ಹೊಸ ಮಾತ್ರೆಗೆ ಆ ಚಟವಿಲ್ಲ, ಆದರೆ ಥಟ್ಟನೆ ನಿಲ್ಲಿಸಿದರೆ ತಲೆಸುತ್ತು, ಕಸಿವಿಸಿ ಆಗುತ್ತದೆ. ಅದನ್ನೂ ಇಳಿಸಿಯೇ ನಿಲ್ಲಿಸಬೇಕು.

ಎಡವಿದ್ದು ಎರಡು ಕಡೆ. ಮೊದಲನೆಯದು ಆರನೇ ದಿನ. ಖಿನ್ನತೆಯ ಮಾತ್ರೆಯ ಕಷ್ಟ ಮೊದಲ ವಾರವೇ ಬರುತ್ತದೆ, ಗುಣ ಕಾಣಲು ಎರಡರಿಂದ ನಾಲ್ಕು ವಾರ, ಕೆಲವರಿಗೆ ಆರು ವಾರ ಬೇಕು. ವಾಂತಿ ಬಂದಂತಾಗಿ, ಚಡಪಡಿಕೆ ಹೆಚ್ಚಾಗಿ ಗಿರಿಜಮ್ಮ ನಿಲ್ಲಿಸಿಬಿಟ್ಟರು. ಶುಕ್ರವಾರದ ಒಪ್ಪತ್ತಿನ ದಿನ ಖಾಲಿ ಹೊಟ್ಟೆಯಲ್ಲಿ ನುಂಗಿದ್ದರು. ಏಳನೇ ದಿನ ಆಶಾ ಮನೆಗೆ ಹೋಗಬೇಕೆಂದು ಮೊದಲೇ ಗೊತ್ತುಮಾಡಿದ್ದರಿಂದ ತಿಳಿಯಿತು. ವೈದ್ಯರು ಫೋನಿನಲ್ಲೇ ಕೆಲವು ದಿನ ಅರ್ಧ ಮಾತ್ರೆ, ರಾತ್ರಿ ಊಟದ ನಂತರ ಎಂದರು; ಮತ್ತೆ ಶುರುವಾಯಿತು.

ಎರಡನೆಯದು ನಾಲ್ಕನೇ ತಿಂಗಳು. ನಿದ್ದೆ ಬಂದಿತ್ತು, ಉರಿ ಕಾಲುಭಾಗಕ್ಕೆ ಇಳಿದಿತ್ತು. "ಚೆನ್ನಾಗಿದಾಳಲ್ಲ, ಇನ್ಯಾಕೆ" ಎಂದು ಗಂಡ ಮುಂದಿನ ತಿಂಗಳ ಮಾತ್ರೆ ತರಲಿಲ್ಲ. ಐದು ವಾರದಲ್ಲಿ ಮೂರು ಗಂಟೆಯ ಎಚ್ಚರ ವಾಪಸ್. ಪೂರ್ತಿ ಚೆನ್ನಾದ ಮೇಲೂ ಆರರಿಂದ ಒಂಬತ್ತು ತಿಂಗಳು ಮುಂದುವರಿಸಬೇಕೆಂದು ಮೊದಲ ದಿನವೇ ಹೇಳಿತ್ತು, ಆದರೆ ಬಾಯಲ್ಲಿ ಮಾತ್ರ. ಈ ಸಲ ಗೋಡೆಯ ಕ್ಯಾಲೆಂಡರಿನಲ್ಲಿ ಮುಂದಿನ ಮಂಗಳವಾರಗಳಿಗೆ ಮಗಳ ಕೈಯಲ್ಲೇ ಸುತ್ತು ಹಾಕಿಸಲಾಯಿತು.

ಮಾತ್ರೆಯಷ್ಟೇ ಕೆಲಸ ಮಾಡಿದ್ದು ಹಾಲಿನ ಡೈರಿಗೆ ಹೋಗಿಬರುವುದು. ಪ್ರೀತಿಯಿಂದಲೇ ಅತ್ತೆ ಎಲ್ಲ ಕೆಲಸ ಬಿಡಿಸಿ "ರೆಸ್ಟ್ ತಗೋ" ಎಂದು ಮಲಗಿಸಿದ್ದರು. ಖಿನ್ನತೆಯಲ್ಲಿ ಮಲಗಿದಷ್ಟೂ ಸುಸ್ತು ಹೆಚ್ಚುತ್ತದೆ. ಮನಸ್ಸು ಬಂದಾಗ ಮಾಡುವೆನೆಂದರೆ ಮನಸ್ಸು ಬರುವುದೇ ಇಲ್ಲ, ಆದ್ದರಿಂದ ಗಡಿಯಾರ ನೋಡಿ ಮಾಡಬೇಕು. ಮೊದಲ ವಾರ ಒಂದೇ ಕೆಲಸ: ಬೆಳಿಗ್ಗೆ ಆರೂವರೆಗೆ ಹಾಲಿನ ಕ್ಯಾನು ಹಿಡಿದು ಡೈರಿಗೆ, ಮಗಳ ಜೊತೆ, ಹೋಗಿಬರಲು 20 ನಿಮಿಷ. ಮೂರನೇ ವಾರದಿಂದ ಒಬ್ಬರೇ. ಐದನೇ ವಾರದಿಂದ ಸಂಘದ ಸಭೆಗೆ ಅರ್ಧ ಗಂಟೆ. ಮನೆಯವರು "ಧೈರ್ಯ ತಗೋ, ನಿನಗೇನು ಕಮ್ಮಿ" ಎನ್ನುವುದನ್ನು ನಿಲ್ಲಿಸಬೇಕು. ದಿನಕ್ಕೆ ಹತ್ತು ಸಲ "ಉರಿ ಹೆಂಗಿದೆ" ಎಂದು ಕೇಳುವುದನ್ನೂ. ಕೇಳಿದಷ್ಟೂ ಗಮನ ಅಲ್ಲೇ ನೆಡುತ್ತದೆ. "ಏಳು, ಡೈರಿಗೆ ಹೊತ್ತಾಯ್ತು" ಎಂದರೆ ಸಾಕು.

ಹನ್ನೊಂದನೇ ತಿಂಗಳಲ್ಲಿ ಪಿಎಚ್‌ಕ್ಯೂ-9 ಅಂಕ 4. ಮತ್ತೆ ಬಂದರೆ ಮೊದಲು ಯಾವುದು ಹೇಳುತ್ತದೆ ಎಂದು ಕೇಳಿದಾಗ ಗಿರಿಜಮ್ಮ ನಿದ್ದೆ ಅಂದರು. ಮಗಳು ಒಪ್ಪಲಿಲ್ಲ: "ನಿದ್ದೆ ಆಮೇಲೆ ಹೋಗಿದ್ದು. ಮೊದ್ಲು ಅಮ್ಮನ ರಂಗೋಲಿ ಸಣ್ಣದಾಯ್ತು. ಹದಿನೈದು ಚುಕ್ಕಿ ಇಡ್ತಿದ್ದೋಳು ಬರೀ ಎರಡು ಗೆರೆ ಎಳೆದು ಒಳಗೆ ಬರ್ತಿದ್ಲು." ಕೇಸ್ ಪುಸ್ತಕದಲ್ಲಿ ಅದನ್ನೇ ಬರೆದುಕೊಂಡಿದೆ: ಎರಡು ವಾರ ಸತತ ಎರಡೇ ಗೆರೆ ಕಂಡರೆ ಮಗಳು ಆಶಾಗೆ ಹೇಳುವುದು, ಮದುವೆಯಾಗಿ ಹೋಗಿದ್ದರೆ ಆ ಜವಾಬ್ದಾರಿ ಅತ್ತೆಯದು.