ಪುಟ್ಟನ ಕೋಪ ಆಪರೇಷನ್ ಮೇಲಲ್ಲ

ಪ್ರಶ್ನೆ: ನನ್ನ ಮಗನಿಗೆ ಐದು ವರ್ಷ. ಒಂದೂವರೆ ವರ್ಷದಿಂದ ಬಾಯಿ ಬಿಟ್ಟುಕೊಂಡೇ ಮಲಗುತ್ತಿದ್ದ. ಜೋರು ಗೊರಕೆ. ಮಧ್ಯೆ ಮಧ್ಯೆ ಉಸಿರು ನಿಂತಂತಾಗಿ ಬೆಚ್ಚಿ ಏಳುತ್ತಿದ್ದ. ಕಿವಿಯೂ ಮಂದ ಆಗಿತ್ತು. ಮೂರು ತಿಂಗಳು ಮೂಗಿಗೆ ಸ್ಪ್ರೇ ಹಾಕಿದರೂ ಕಡಿಮೆ ಆಗಲಿಲ್ಲ. ಕೊನೆಗೆ ಇಎನ್‌ಟಿ ಡಾಕ್ಟರ್ ಹೇಳಿದಂತೆ ಮೂಗಿನ ಹಿಂದಿನ ಅಡೆನಾಯ್ಡ್ ಗಡ್ಡೆ ತೆಗೆಸಿದೆವು. ಇವತ್ತಿಗೆ ಐದು ದಿನ. ಹೆದರುತ್ತಾನೆ ಅಂತ ಅವತ್ತು ಬೆಳಿಗ್ಗೆ 'ಝೂಗೆ ಹೋಗೋಣ' ಎಂದು ಸುಳ್ಳು ಹೇಳಿ ಕರೆದುಕೊಂಡು ಹೋದೆ. ಎಚ್ಚರವಾದಾಗ ನನ್ನನ್ನು ಒದ್ದು, 'ನೀನು ಹೋಗು' ಎಂದು ಕಿರುಚಿದ. ಈಗಲೂ ನನ್ನ ಹತ್ತಿರ ಬರುವುದಿಲ್ಲ, ಅಜ್ಜಿ ಪಕ್ಕದಲ್ಲೇ ಮಲಗುತ್ತಾನೆ. ಗೊರಕೆ ಇನ್ನೂ ಹೋಗಿಲ್ಲ, ಜೊತೆಗೆ ಬಾಯಿ ವಾಸನೆ. ಅತ್ತೆ 'ದೊಡ್ಡವನಾದರೆ ತಾನಾಗೇ ಹೋಗ್ತಿತ್ತು, ನಮ್ಮ ಕಾಲದಲ್ಲಿ ಇದೆಲ್ಲ ಎಲ್ಲಿತ್ತು? ಫ್ರಿಜ್ ನೀರು ಕೊಟ್ಟು ನೀನೇ ತರಿಸಿದೆ' ಎನ್ನುತ್ತಾರೆ. ನಮ್ಮ ಮನೆಯವರು ಬಾಯೇ ಬಿಡುವುದಿಲ್ಲ. ನಾನು ತಪ್ಪು ಮಾಡಿದೆನಾ?
ಹೆಸರು ಬೇಡ, ಮೈಸೂರು

ಉತ್ತರ: ಆಪರೇಷನ್ ಮಾಡಿಸಿದ್ದು ತಪ್ಪಲ್ಲ. ಸುಳ್ಳು ಹೇಳಿದ್ದು ತಪ್ಪು. ಎರಡನ್ನೂ ಒಂದೇ ಗಂಟಿಗೆ ಕಟ್ಟಿಕೊಂಡು ನೀವು ಐದು ದಿನದಿಂದ ಒದ್ದಾಡುತ್ತಿದ್ದೀರಿ. ಸ್ವಲ್ಪ ಬಿಚ್ಚಿ ನೋಡೋಣ.

ಮೊದಲು ಆ ಗೊರಕೆ. ಅಡೆನಾಯ್ಡ್ ಇರುವುದು ಮೂಗಿನ ಹಿಂದೆ, ಬಾಯಿಯ ಅಂಗಳದ ಮೇಲ್ಗಡೆ. ಬಾಯಿ ತೆರೆದು ಟಾರ್ಚ್ ಹಿಡಿದರೂ ಕಾಣದ ಜಾಗ ಅದು. ಅಲ್ಲಿಂದ ಅದನ್ನು ತೆಗೆದಾಗ ಸುತ್ತಲಿನ ಭಾಗ ಊದಿಕೊಳ್ಳುತ್ತದೆ. ಹಾಗಾಗಿ ಮೊದಲ ಒಂದೆರಡು ವಾರ ಮೂಗು ಕಟ್ಟಿದಂತೆ ಇರುವುದು, ಗೊರಕೆ ಬರುವುದು ಮಾಮೂಲಿ. ಐದನೇ ದಿನಕ್ಕೇ ಲೆಕ್ಕ ಹಾಕಬೇಡಿ. ಬಾಯಿ ವಾಸನೆಯೂ ಅಷ್ಟೇ. ಗಾಯ ಒಣಗುವಾಗ ಅದರ ಮೇಲೆ ಒಂದು ಪೊರೆ ಕಟ್ಟುತ್ತದೆ, ವಾಸನೆ ಬರುವುದು ಅದರಿಂದ. ಗಾಯ ಮಾಗಿದಂತೆ ಹೋಗುತ್ತದೆ. ಮೆಲ್ಲಗೆ ಹಲ್ಲುಜ್ಜಿಸಿ, ಆಗಾಗ ನೀರು ಕುಡಿಸಿ, ಸಾಕು. ಕಿವಿ ನೋವು ಎಂದರೂ ಗಾಬರಿ ಬೇಡ, ಗಂಟಲ ಹಿಂದಿನ ನೋವು ಕಿವಿಗೂ ಬಡಿಯುತ್ತದೆ. ಕೆಲವು ಮಕ್ಕಳ ದನಿ ಕೆಲವು ವಾರ ಮೂಗಿನಲ್ಲಿ ಬಂದಂತೆ ಇರುತ್ತದೆ. ಇಷ್ಟು ದಿನ ಅಲ್ಲಿ ಗಡ್ಡೆ ತುಂಬಿಕೊಂಡಿತ್ತು, ಈಗ ಜಾಗ ಖಾಲಿ. ಮಾತಾಡುವಾಗ ಆ ಜಾಗವನ್ನು ಪೂರ್ತಿ ಮುಚ್ಚುವುದನ್ನು ಅಂಗಳ ಹೊಸದಾಗಿ ಕಲಿಯಬೇಕು. ಒಂದು ತಿಂಗಳಾದರೂ ಗೊರಕೆಯೋ ದನಿಯೋ ಸರಿಹೋಗದಿದ್ದರೆ ಆಗ ಡಾಕ್ಟರಿಗೆ ಹೇಳಿ. ಬಾಯಿ ಬಿಟ್ಟು ಮಲಗುವುದು ಮಾತ್ರ ಒಂದೂವರೆ ವರ್ಷದ ಅಭ್ಯಾಸ, ಅದು ನಿಧಾನಕ್ಕೇ ಹೋಗುವುದು.

ಆದರೆ ಕೆಲವಕ್ಕೆ ಕಾಯಬಾರದು. ಮೂಗಿನಿಂದಲೋ ಬಾಯಿಂದಲೋ ಹಸಿ ಕೆಂಪು ರಕ್ತ ಬಂದರೆ, ವಾಂತಿಯಲ್ಲಿ ರಕ್ತ ಕಂಡರೆ, ನಿದ್ದೆಯಲ್ಲಿ ಪದೇ ಪದೇ ಏನೋ ನುಂಗುತ್ತಿದ್ದರೆ ಆ ಹೊತ್ತಿಗೇ ಆಸ್ಪತ್ರೆಗೆ ಹೊರಡಿ. ಬೆಳಗಾಗಲಿ ಎಂದು ಕೂರಬೇಡಿ. ಜ್ವರ ಜೋರಾಗಿ ಏರಿದರೆ, ಏನೂ ಕುಡಿಯದೆ ಮೂತ್ರ ಹೋಗುವುದೇ ಕಡಿಮೆಯಾದರೆ, ಕುತ್ತಿಗೆ ಒಂದು ಕಡೆ ವಾಲಿ ತಿರುಗಿಸಲು ಆಗದಿದ್ದರೆ ಆವತ್ತೇ ತೋರಿಸಿ. ನೋವಿಗೆ ಪ್ಯಾರಾಸಿಟಮಾಲ್ ಡಾಕ್ಟರ್ ತೂಕ ನೋಡಿ ಬರೆದಷ್ಟೇ. ಆಸ್ಪಿರಿನ್ ಬೇಡ. ಮನೆಯಲ್ಲಿ ಉಳಿದಿರುವ ಕೆಮ್ಮಿನ ಸಿರಪ್ ಕೂಡ ಬೇಡ, ಕೆಲವು ಸಿರಪ್‌ಗಳಲ್ಲಿ ಕೊಡೀನ್ ಎಂಬ ಔಷಧ ಇರುತ್ತದೆ, ಈ ಆಪರೇಷನ್ ಆದ ಮಕ್ಕಳಿಗೆ ಅದು ಅಪಾಯ. ಇನ್ನೊಂದು ಮಾತು. ಅಜ್ಜಿ ಪ್ರೀತಿಯಿಂದ ಮೂಗಿಗೆ ಎರಡು ಹನಿ ಕೊಬ್ಬರಿ ಎಣ್ಣೆ ಬಿಡಲು ಬಂದರೆ ದಯವಿಟ್ಟು ತಡೆಯಿರಿ. ಅಲ್ಲಿ ಹಸಿ ಗಾಯ ಇದೆ. ಎಣ್ಣೆ ಜಾರಿ ಶ್ವಾಸಕೋಶಕ್ಕೆ ಇಳಿದರೆ ಬೇರೆಯೇ ತೊಂದರೆ.

ಇನ್ನು ಅತ್ತೆಯ ಮಾತು. ಅವರು ಹೇಳುವುದರಲ್ಲಿ ಅರ್ಧ ನಿಜ ಇದೆ. ಅಡೆನಾಯ್ಡ್ ಚಿಕ್ಕ ವಯಸ್ಸಿನಲ್ಲಿ ದೊಡ್ಡದಿರುತ್ತದೆ, ಏಳೆಂಟು ವರ್ಷ ದಾಟಿದ ಮೇಲೆ ಕುಗ್ಗುತ್ತಾ ಬರುತ್ತದೆ, ಹದಿಹರೆಯಕ್ಕೆ ಬಹುಪಾಲು ಇಲ್ಲವೇ ಇಲ್ಲ ಎನ್ನುವಷ್ಟಾಗುತ್ತದೆ. ಎಷ್ಟೋ ಮಕ್ಕಳಿಗೆ ಆಪರೇಷನ್ ಬೇಕಾಗುವುದೇ ಇಲ್ಲ. ಆದರೆ ನಿಮ್ಮ ಮಗ ನಿದ್ದೆಯಲ್ಲಿ ಉಸಿರು ಕಟ್ಟಿ ಏಳುತ್ತಿದ್ದ. ಅವನ ಕಿವಿ ಮಂದವಾಗಿತ್ತು. ಮೂಗಿನ ಹಿಂದಿನಿಂದ ಕಿವಿಗೆ ಹೋಗುವ ನಳಿಕೆಯ ಬಾಯಿಗೆ ಈ ಗಡ್ಡೆ ಅಡ್ಡ ಬಂದರೆ ಕಿವಿ ತಮಟೆಯ ಹಿಂದೆ ನೀರು ನಿಲ್ಲುತ್ತದೆ. ಅಆಇಈ ಕಲಿಯುವ ವಯಸ್ಸು ಇದು. ಸರಿಯಾಗಿ ಕೇಳಿಸದೆ, ಸರಿಯಾಗಿ ನಿದ್ದೆ ಮಾಡದೆ ಇನ್ನೂ ಮೂರು ನಾಲ್ಕು ವರ್ಷ ಕಾಯಿಸಬೇಕಿತ್ತಾ? ನೀವು ಸುಮ್ನೆ ಓಡಿಹೋಗಿ ಮಾಡಿಸಿದವರಲ್ಲ. ಮೂರು ತಿಂಗಳು ಸ್ಪ್ರೇ ಹಾಕಿ ನೋಡಿದ್ದೀರಿ. ಅದನ್ನು ಮರೆಯಬೇಡಿ.

'ನಮ್ಮ ಕಾಲದಲ್ಲಿ ಎಲ್ಲಿತ್ತು' ಎನ್ನುವುದಕ್ಕೂ ಉತ್ತರ ಇದೆ. 1868ರಲ್ಲೇ ಕೋಪನ್‌ಹೇಗನ್ನಿನ ವಿಲ್ಹೆಲ್ಮ್ ಮೇಯರ್ ಎಂಬ ವೈದ್ಯರು, ಕಿವಿ ಮಂದವಾಗಿ ಮೂಗಿನಲ್ಲಿ ಮಾತಾಡುತ್ತಿದ್ದ ಒಬ್ಬ ಯುವತಿಯ ಮೂಗಿನ ಹಿಂದೆ ಈ ಬೆಳವಣಿಗೆಯನ್ನು ಕಂಡು ತೆಗೆದರು. ನಮ್ಮಲ್ಲೂ 'ಮೂಗಲ್ಲಿ ದುರ್ಮಾಂಸ ಬೆಳೆದಿದೆ' ಎನ್ನುವ ಮಾತು ಹಳೆಯದೇ ಅಲ್ವಾ? ಆ ಪದ ಕೇಳಿದರೆ ಭಯವಾಗುತ್ತದೆ, ನಿಜ. ಆದರೆ ಅಡೆನಾಯ್ಡ್ ಎಲ್ಲ ಮಕ್ಕಳಲ್ಲೂ ಇರುವಂಥದ್ದು, ಟಾನ್ಸಿಲ್‌ನ ಒಡಹುಟ್ಟು ಅಂದುಕೊಳ್ಳಿ. ಮೇಲಿಂದ ಮೇಲೆ ನೆಗಡಿ, ಅಲರ್ಜಿ ಆದಾಗ ಊದಿಕೊಳ್ಳುತ್ತದೆ. ಫ್ರಿಜ್ ನೀರು ಕುಡಿದಿದ್ದಕ್ಕೆ ಬೆಳೆಯುವುದಿಲ್ಲ. ಇದನ್ನು ನೀವು ಹೇಳಿದರೆ ಅತ್ತೆ ಒಪ್ಪಲಿಕ್ಕಿಲ್ಲ. ಮುಂದಿನ ಚೆಕಪ್‌ಗೆ ಅವರನ್ನೂ ಕರೆದುಕೊಂಡು ಹೋಗಿ, ಡಾಕ್ಟರ್ ಬಾಯಿಂದಲೇ ಕೇಳಲಿ.

ಈ ಫ್ರಿಜ್ ನೀರಿನ ಮಾತು ನಿಲ್ಲಬೇಕು ಎನ್ನಲು ನಿಮಗಿಂತ ದೊಡ್ಡ ಕಾರಣ ನಿಮ್ಮ ಮಗ. ಅವನೂ ಅದನ್ನು ಕೇಳಿಸಿಕೊಳ್ಳುತ್ತಿದ್ದಾನೆ. ಐದು ವರ್ಷದ ಮಕ್ಕಳು 'ನಾನು ಏನೋ ತಪ್ಪು ಮಾಡಿದೆ, ಅದಕ್ಕೇ ನನಗೆ ಹೀಗೆ ಮಾಡಿದರು' ಎಂದು ತುಂಬಾ ಬೇಗ ಅಂದುಕೊಳ್ಳುತ್ತಾರೆ. ಆಪರೇಷನ್ ಎಂದರೆ ಶಿಕ್ಷೆ ಎಂದು ಅವನ ತಲೆಯಲ್ಲಿ ಕೂತಿದ್ದರೆ ಅದನ್ನು ಮೊದಲು ತೆಗೆಯಬೇಕು.

ಈಗ ಅವನ ಕೋಪ. ಎಚ್ಚರವಾದಾಗ ಒದ್ದಿದ್ದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಅರಿವಳಿಕೆ ಇಳಿಯುವ ಹೊತ್ತಿನಲ್ಲಿ ಚಿಕ್ಕ ಮಕ್ಕಳು ಹಾಗೆ ಮಾಡುವುದುಂಟು. ನನ್ನ ಮಗಳಿಗೆ ಆರು ವರ್ಷವಿದ್ದಾಗ ಇದೇ ಆಪರೇಷನ್ ಆಗಿತ್ತು. ಹೊರಗೆ ತಂದು ನನ್ನ ತೊಡೆ ಮೇಲೆ ಮಲಗಿಸಿದರು. ಕೈಯಲ್ಲಿ ಸೂಜಿ ಚುಚ್ಚಿ ಸುತ್ತಿದ್ದ ಪ್ಲಾಸ್ಟರನ್ನು ಕೀಳುತ್ತಾ, ನನ್ನ ಮುಖವನ್ನೇ ನೋಡುತ್ತಾ, 'ಅಮ್ಮ ಎಲ್ಲಿ, ಅಮ್ಮ ಬೇಕು' ಎಂದು ಅರ್ಧ ಗಂಟೆ ಅತ್ತಳು. ನಾನೇ ಅಮ್ಮ ಎಂದರೆ ನನ್ನನ್ನೇ ತಳ್ಳಿದಳು. ಆಮೇಲೆ ನಿದ್ದೆ ಹೋದಳು. ಸಂಜೆ ಎದ್ದವಳಿಗೆ ಅದರ ಒಂದಿಷ್ಟೂ ನೆನಪಿರಲಿಲ್ಲ. ನನಗೆ ಮಾತ್ರ ಇವತ್ತಿಗೂ ನೆನಪಿದೆ.

ಆದರೆ ಐದು ದಿನದಿಂದ ನಿಮ್ಮ ಹತ್ತಿರ ಬಾರದಿರುವುದು ಅರಿವಳಿಕೆಯಿಂದಲ್ಲ. ಅದು ಝೂಗಾಗಿ. ಬೆಳಿಗ್ಗೆ ಎದ್ದು, ಹಾಲೂ ಇಲ್ಲದೆ ತಿಂಡಿಯೂ ಇಲ್ಲದೆ, ಆದರೂ ಖುಷಿಯಾಗಿ ಚಪ್ಪಲಿ ಹಾಕಿಕೊಂಡು ಹೊರಟಿರುತ್ತಾನೆ ಅವನು. ಕಾರೋ ಆಟೋನೋ ನಿಂತಿದ್ದು ಆಸ್ಪತ್ರೆ ಮುಂದೆ. ಅವನ ಜಾಗದಲ್ಲಿ ನಿಂತು ನೋಡಿ. ಗಂಟಲ ನೋವಿಗಿಂತ ಅದು ಜಾಸ್ತಿ ನೋಯಿಸಿರುತ್ತದೆ.

ಹಾಗಾಗಿ ಕ್ಷಮೆ ಕೇಳಿ. ಅವನು ಆಟವಾಡುತ್ತಿರುವಾಗ ಪಕ್ಕದಲ್ಲಿ ನೆಲದ ಮೇಲೆ ಕೂತು ಹೇಳಿ: 'ಪುಟ್ಟಾ, ಝೂಗೆ ಹೋಗೋಣ ಅಂತ ಅಮ್ಮ ಸುಳ್ಳು ಹೇಳ್ದೆ. ತಪ್ಪಾಯ್ತು. ನೀನು ಹೆದರ್ತೀಯ ಅಂತ ನಂಗೆ ಭಯ ಆಯ್ತು. ಇನ್ಮೇಲೆ ಆಸ್ಪತ್ರೆಗೆ ಹೋಗೋದಿದ್ರೆ ಆಸ್ಪತ್ರೆ ಅಂತಲೇ ಹೇಳ್ತೀನಿ.' ಅಷ್ಟೇ. 'ಆದ್ರೆ ನಿನ್ನ ಒಳ್ಳೇದಕ್ಕೇ ಅಲ್ವಾ' ಎಂದು ಸೇರಿಸಬೇಡಿ, ಕೇಳಿದ ಕ್ಷಮೆ ಅಲ್ಲೇ ಕರಗಿಹೋಗುತ್ತದೆ. ಅವನು ತಿರುಗಿ ಕೂರಬಹುದು, ನಿಮ್ಮನ್ನು ಹೊಡೆಯಬಹುದು, ಏನೂ ಕೇಳಿಸದವನಂತೆ ಕಾರು ಓಡಿಸುತ್ತಿರಬಹುದು. ಇರಲಿ ಬಿಡಿ, ಕೇಳಿಸಿಕೊಂಡಿರುತ್ತಾನೆ. ನಡೆದಿದ್ದನ್ನು ಚಿಕ್ಕ ಮಾತಿನಲ್ಲಿ ತಿಳಿಸಿ: ಮೂಗಿನ ಹಿಂದೆ ಒಂದು ಗಂಟು ಉಸಿರಿಗೆ ಅಡ್ಡ ಬರುತ್ತಿತ್ತು, ನೀನು ನಿದ್ದೆ ಮಾಡುವಾಗ ಡಾಕ್ಟರ್ ಬಾಯೊಳಗಿಂದ ಅದನ್ನು ತೆಗೆದರು, ನಿನ್ನ ತಪ್ಪು ಏನೂ ಇರಲಿಲ್ಲ. ಒಂದು ಗೊಂಬೆ, ಒಂದಿಷ್ಟು ಹತ್ತಿ, ಬ್ಯಾಂಡೇಜ್ ಪಟ್ಟಿ ಕೊಟ್ಟುಬಿಡಿ. ಅವನು ಗೊಂಬೆಗೆ ಏನು ಮಾಡುತ್ತಾನೆ, ಏನು ಹೇಳುತ್ತಾನೆ ಎನ್ನುವುದನ್ನು ಸುಮ್ಮನೆ ನೋಡಿ. ಅವನ ಮನಸ್ಸಿನಲ್ಲಿ ಏನಿದೆ ಎನ್ನುವುದು ಅಲ್ಲಿ ಗೊತ್ತಾಗುತ್ತದೆ. ಒಂದೆರಡು ವಾರ ರಾತ್ರಿ ಬೆಚ್ಚಬಹುದು, ಹಾಸಿಗೆ ಒದ್ದೆ ಮಾಡಬಹುದು. ಬೈಯಬೇಡಿ. 'ಊಟ ಮಾಡದಿದ್ರೆ ಡಾಕ್ಟರ್ ಹತ್ರ ಸೂಜಿ ಚುಚ್ಚಿಸ್ತೀನಿ' ಎನ್ನುವ ಮಾತು ನಿಮ್ಮ ಮನೆಯಲ್ಲಿ ಇನ್ನು ಯಾರ ಬಾಯಲ್ಲೂ ಬರಬಾರದು.

ಅಜ್ಜಿ ಪಕ್ಕ ಮಲಗಿದರೆ ಮಲಗಲಿ. ಅವನಿಗೆ ಈಗ ಬೇಕಿರುವ ಬೆಚ್ಚನೆಯ ಜಾಗ ಅದು. ಆರಿದ ಗಂಜಿ, ಮೆತ್ತಗೆ ಕಲಸಿದ ಮೊಸರನ್ನ, ರಾಗಿ ಸರಿ, ಎಳನೀರು ಇದೆಲ್ಲ ಮಾಡಿಕೊಡುವ ಕೆಲಸ ಅತ್ತೆಗೇ ವಹಿಸಿ. ಅವರ ಕೈಗೆ ಒಂದು ಜವಾಬ್ದಾರಿ ಸಿಕ್ಕರೆ ಅರ್ಧ ಕೋಪ ಇಳಿಯುತ್ತದೆ, ಮೊಮ್ಮಗನ ಮೇಲಿನ ಆತಂಕವೇ ಅವರಲ್ಲಿ ಬೈಗುಳ ಆಗಿ ಬರುತ್ತಿದೆ ಎಂದು ನನಗೆ ಅನಿಸುತ್ತದೆ. ಚಕ್ಕುಲಿ, ನಿಪ್ಪಟ್ಟಿನ ಡಬ್ಬಿ ಮಾತ್ರ ಮೇಲಿಡಿ. ನಿಮ್ಮ ಮನೆಯವರಿಗೆ ಹೇಳಿ, ಈ ಆಪರೇಷನ್‌ಗೆ ಅವರೂ ಒಪ್ಪಿಯೇ ಇರುತ್ತಾರಲ್ಲ. 'ನಾವಿಬ್ಬರೂ ಸೇರಿ ತೀರ್ಮಾನ ಮಾಡಿದ್ದು' ಎಂದು ಅಮ್ಮನ ಎದುರು ಅವರು ಒಮ್ಮೆ ಹೇಳಬೇಕು. ಸುಮ್ಮನಿರುವ ಹಕ್ಕು ಈ ವಿಷಯದಲ್ಲಿ ಅವರಿಗಿಲ್ಲ.

ಚೆಕಪ್‌ಗೆ ಹೋಗುವ ಹಿಂದಿನ ದಿನವೇ ಮಗನಿಗೆ ಹೇಳಿ, 'ನಾಳೆ ಆಸ್ಪತ್ರೆಗೆ'. ಸೂಜಿ ಇದೆಯಾ ಎಂದು ಕೇಳಿದರೆ ಡಾಕ್ಟರಿಗೆ ಫೋನ್ ಮಾಡಿ ತಿಳಿದುಕೊಂಡು, ಇದ್ದದ್ದು ಇದ್ದ ಹಾಗೆ ಹೇಳಿ. ಡಾಕ್ಟರ್ ಹೊರಗೆ ಓಡಾಡಬಹುದು ಎಂದ ಮೇಲೆ ಝೂಗೆ ಕರೆದುಕೊಂಡು ಹೋಗಿ, ಜಿರಾಫೆ ಮುಂದೆ ಅವನಿಗೆ ಸಾಕೆನಿಸುವಷ್ಟು ಹೊತ್ತು ನಿಲ್ಲಿ. ಭಾನುವಾರ ಬೇಡ, ಜನ ಜಾಸ್ತಿ, ಯಾರದಾದರೂ ನೆಗಡಿ ಅಂಟೀತು. ಮಂಗಳವಾರವೂ ಬೇಡ, ಅವತ್ತು ಝೂಗೆ ರಜೆ. ಗೇಟಿನ ತನಕ ಹೋಗಿ ವಾಪಸ್ ಬರುವಂತೆ ಮಾತ್ರ ಆಗಬಾರದು.